ಕಿಯಾಮತ್‌ನ ತಾರೀಖು ಯಾರ ಬಳಿ ಇದೆ?

ಅಂತ್ಯದಿನದ ಮೇಲಿನ ವಿಶ್ವಾಸವು ಈಮಾನಿನ ಆರು ಮೂಲಾಂಶಗಳಲ್ಲಿ ಒಂದು. ಈ ಲೋಕಕ್ಕೆ ಒಂದು ಕೊನೆಯಿದೆ, ಆ ಬಳಿಕ ಪುನರುತ್ಥಾನವಿದೆ, ಪ್ರತಿಯೊಬ್ಬನೂ ತನ್ನ ಕರ್ಮಗಳ ಲೆಕ್ಕವನ್ನು ಅಲ್ಲಾಹನ ಮುಂದೆ ಒಪ್ಪಿಸಲಿಕ್ಕಿದೆ ಎಂಬುದನ್ನು ನಂಬದವನ ಈಮಾನ್ ಪೂರ್ಣವಾಗುವುದಿಲ್ಲ. ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ.

ಆದರೆ ಪ್ರಿಯ ಓದುಗರೇ, ಅಂತ್ಯದಿನವಿದೆ ಎಂದು ನಂಬುವುದು ಒಂದು ವಿಷಯ. ಅದು ಇಂಥ ವರ್ಷದ ಇಂಥ ಶುಕ್ರವಾರ ಬರುತ್ತದೆ ಎಂದವನನ್ನು ನಂಬುವುದು ಬೇರೆಯೇ ವಿಷಯ. ಮೊದಲನೆಯದಕ್ಕೆ ಕುರ್‌ಆನಿನ ಆಧಾರವಿದೆ. ಎರಡನೆಯದಕ್ಕೆ ಆಧಾರವೇನು ಎಂದು ಕೇಳುವುದು ಅವಿಶ್ವಾಸವಲ್ಲ. ಅದು ನಮ್ಮ ಧರ್ಮವೇ ಕಲಿಸಿದ ಶಿಸ್ತು. ಫಾಸಿಕ್ ಒಬ್ಬನು ಸುದ್ದಿ ತಂದಾಗ ಅದನ್ನು ಪರಿಶೀಲಿಸಿ ನೋಡಬೇಕೆಂದು ಕುರ್‌ಆನ್ (49: 6) ಆಜ್ಞಾಪಿಸುತ್ತದೆ. ನಿಮಗೆ ಅರಿವಿಲ್ಲದುದರ ಬೆನ್ನು ಹತ್ತಬೇಡಿ, ಕಿವಿ, ಕಣ್ಣು ಮತ್ತು ಹೃದಯಗಳ ಬಗ್ಗೆ ವಿಚಾರಣೆಯಿದೆ ಎಂದೂ (17: 36) ಅದು ಎಚ್ಚರಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಕನ್ನಡದ ಹಿರಿಯರು ಹೇಳಿದ್ದಾರೆ. ಹೀಗಿರುವಾಗ ಯಾರೋ ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನು ಪ್ರಮಾಣಿಸದೆ ನಂಬುವುದು ಹೇಗೆ?

ಪ್ರವಾದಿವರ್ಯರ(ಸ) ಉತ್ತರ

ಅಂತಿಮ ಘಳಿಗೆ ಯಾವಾಗ ಎಂಬ ಪ್ರಶ್ನೆ ಹೊಸತಲ್ಲ. ಮಕ್ಕಾದ ಜನರು ಪ್ರವಾದಿವರ್ಯರಿಗೆ(ಸ) ಅದನ್ನೇ ಕೇಳುತ್ತಿದ್ದರು. ಅದರ ಜ್ಞಾನವು ತನ್ನ ಪ್ರಭುವಿನ ಬಳಿ ಮಾತ್ರ ಇದೆ, ಅದು ಜನರ ಮೇಲೆ ಹಠಾತ್ತಾಗಿ ಬಂದೆರಗಲಿದೆ ಎಂದು ಉತ್ತರಿಸುವಂತೆ ಅಲ್ಲಾಹನು ಅವರಿಗೆ ಕಲಿಸಿದನು (7: 187). ಇಲ್ಲಿ ‘ಹಠಾತ್ತಾಗಿ’ ಎಂಬ ಮಾತನ್ನು ಗಮನಿಸಿ. ಮುಂಚಿತವಾಗಿ ತಾರೀಖು ಸಾರಿ ಬರುವ ಘಟನೆ ಹಠಾತ್ತಾಗಿ ಬಂದಂತಾಗುವುದಿಲ್ಲ. ಆದುದರಿಂದ ತಾರೀಖು ಹೇಳುವವನ ಮಾತು ಕುರ್‌ಆನಿನ ಸ್ಪಷ್ಟ ವಚನಕ್ಕೇ ವಿರುದ್ಧವಾಗಿದೆ.

ಜಿಬ್ರೀಲ್(ಅ) ಮಾನವ ರೂಪದಲ್ಲಿ ಬಂದು ಇಸ್ಲಾಮ್, ಈಮಾನ್ ಮತ್ತು ಇಹ್ಸಾನ್‌ಗಳ ಕುರಿತು ಪ್ರಶ್ನಿಸಿದ ಪ್ರಸಿದ್ಧ ಹದೀಸ್ ನಿಮಗೆ ಗೊತ್ತು. ಆ ಮೂರು ಪ್ರಶ್ನೆಗಳಿಗೂ ಪ್ರವಾದಿವರ್ಯರು(ಸ) ವಿವರವಾಗಿ ಉತ್ತರಿಸಿದರು. ನಾಲ್ಕನೆಯದಾಗಿ ಅಂತಿಮ ಘಳಿಗೆ ಯಾವಾಗ ಎಂದು ಕೇಳಿದಾಗ, ಈ ವಿಷಯದಲ್ಲಿ ಕೇಳಲ್ಪಟ್ಟವನು ಕೇಳಿದವನಿಗಿಂತ ಹೆಚ್ಚು ತಿಳಿದವನಲ್ಲ ಎಂದುಬಿಟ್ಟರು. ದೇವಚರರಲ್ಲಿ ಶ್ರೇಷ್ಠರಾದ ಜಿಬ್ರೀಲ್(ಅ) ಮತ್ತು ಪ್ರವಾದಿಗಳಲ್ಲಿ ಶ್ರೇಷ್ಠರಾದ ಮುಹಮ್ಮದ್(ಸ) ಇಬ್ಬರಿಗೂ ತಿಳಿಸಲ್ಪಡದ ತಾರೀಖು ಒಬ್ಬ ಯೂಟ್ಯೂಬ್ ಭಾಷಣಗಾರನಿಗೆ ಎಲ್ಲಿಂದ ಸಿಕ್ಕಿತು?

ಆ ಹದೀಸಿನಲ್ಲಿ ಕೆಲವು ಕುರುಹುಗಳನ್ನು ಹೇಳಲಾಗಿದೆ, ನಿಜ. ಬರಿಗಾಲಿನ ಕುರಿಗಾಹಿಗಳು ಎತ್ತರದ ಕಟ್ಟಡಗಳನ್ನು ಕಟ್ಟಲು ಪೈಪೋಟಿ ನಡೆಸುವರೆಂಬುದು ಅವುಗಳಲ್ಲೊಂದು. ಆದರೆ ಕುರುಹುಗಳನ್ನು ತಿಳಿಸಿದ್ದು ನಾವು ನಮ್ಮ ನಡತೆಯನ್ನು ತಿದ್ದಿಕೊಳ್ಳಲೆಂದು. ಪೆನ್ಸಿಲ್ ಹಿಡಿದು ಪಂಚಾಂಗ ಬರೆಯಲೆಂದಲ್ಲ.

ಹದಿನೈದನೇ ರಮಝಾನಿನ ಶಬ್ದ

ಒಂದು ಉದಾಹರಣೆಯನ್ನು ಕೂಲಂಕಷವಾಗಿ ನೋಡೋಣ. 2020ರಲ್ಲಿ ಕೊರೋನಾ ಲಾಕ್‌ಡೌನಿನಿಂದಾಗಿ ಮಸೀದಿಗಳ ಬಾಗಿಲು ಮುಚ್ಚಿದ್ದವು. ಎಲ್ಲೆಡೆ ಭಯ ಕವಿದಿತ್ತು. ಆಗ ಒಂದು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ರಮಝಾನ್ 15 ಶುಕ್ರವಾರವಾದ ವರ್ಷ ಆಕಾಶದಿಂದ ಭೀಕರ ಶಬ್ದವೊಂದು ಕೇಳಲಿದೆ, ಬಾಗಿಲು ಕಿಟಕಿಗಳನ್ನು ಮುಚ್ಚಿ ಸುಜೂದಿನಲ್ಲಿರಿ ಎಂದು ಅದರಲ್ಲಿತ್ತು. ಮೇ 8 ಶುಕ್ರವಾರವೇ ಆ ದಿನವೆಂದು ಲೆಕ್ಕ ಹಾಕಲಾಗಿತ್ತು.

ಈ ವರದಿ ಎಲ್ಲಿಯದು? ಸಹೀಹ್ ಬುಖಾರಿಯಲ್ಲೂ ಇಲ್ಲ, ಸಹೀಹ್ ಮುಸ್ಲಿಮಿನಲ್ಲೂ ಇಲ್ಲ. ಹಿಜರಿ 228ರಲ್ಲಿ ನಿಧನರಾದ ನುಐಮ್ ಬಿನ್ ಹಮ್ಮಾದ್ ಅವರ ‘ಅಲ್ ಫಿತನ್’ ಎಂಬ ಸಂಗ್ರಹದಲ್ಲಿದೆ. ಅದರ ಸನದನ್ನು, ಅಂದರೆ ವರದಿಗಾರರ ಸರಣಿಯನ್ನು ಪರೀಕ್ಷಿಸಿದ ವಿದ್ವಾಂಸರು ಕಂಡದ್ದೇನು? ಒಬ್ಬ ವರದಿಗಾರನು ಯಾರೆಂದೇ ತಿಳಿಯದು. ಇನ್ನೊಬ್ಬರಾದ ಇಬ್ನು ಲಹೀಅ ಅವರ ಸ್ಮರಣಶಕ್ತಿ ದುರ್ಬಲವಾಗಿತ್ತು. ಮತ್ತೊಬ್ಬನಾದ ಹಾರಿಸ್ ಅಲ್ ಅಅ್‌ವರ್‌ನ ಮೇಲೆ ಸುಳ್ಳು ಹೇಳಿದ ಆರೋಪವಿದೆ. ಹಿಜರಿ 597ರಲ್ಲಿ ನಿಧನರಾದ ಇಬ್ನುಲ್ ಜೌಝಿಯವರು ಹದಿನೈದನೇ ರಮಝಾನಿನ ಈ ಶಬ್ದದ ವರದಿಯನ್ನು ಕಟ್ಟುಕಥೆಗಳ ಸಾಲಿಗೆ ಸೇರಿಸಿದ್ದಾರೆ. ಅಂದರೆ ಎಂಟು ಶತಮಾನಗಳಿಗೂ ಹಿಂದೆ ತಳ್ಳಿಹಾಕಿದ ಮಾತು 2020ರಲ್ಲಿ ಹೊಸ ಸುದ್ದಿಯಾಗಿ ಮನೆಗಳಿಗೆ ಬಂತು!

ಸನದಿನ ವಿದ್ಯೆ ತಿಳಿಯದವರಿಗೂ ಒಂದು ಸರಳ ಲೆಕ್ಕವಿದೆ. ಏಳು ವರ್ಷಗಳಿಗೆ ಸರಾಸರಿ ಒಮ್ಮೆಯಾದರೂ ರಮಝಾನ್ 15 ಶುಕ್ರವಾರವೇ ಬರುತ್ತದೆ. ಹಾಗಾದರೆ ಹಿಜರಿಯಿಂದ ಈವರೆಗೆ ಸುಮಾರು 200 ಬಾರಿ ಅದು ಬಂದುಹೋಗಿದೆ. 2012ರಲ್ಲೂ ಬಂದಿತ್ತು. ಯಾವ ಶಬ್ದವೂ ಕೇಳಲಿಲ್ಲ. ಇನ್ನೊಂದು ಮಾತು. 2020ರಲ್ಲಿ ನಮ್ಮ ಕರಾವಳಿಯಲ್ಲಿ ಉಪವಾಸ ಆರಂಭವಾದದ್ದು ಏಪ್ರಿಲ್ 24ಕ್ಕೆ, ಬೆಂಗಳೂರಿನಲ್ಲಿ 25ಕ್ಕೆ. ಮೇ 8ರಂದು ಮಂಗಳೂರಿನಲ್ಲಿ ರಮಝಾನ್ 15 ಆಗಿದ್ದರೆ ಬೆಂಗಳೂರಿನಲ್ಲಿ 14. ಶಬ್ದವು ಮಂಗಳೂರಿಗೆ ಕೇಳಿಸಿ ಬೆಂಗಳೂರಿಗೆ ಕೇಳಿಸದೆ ಇರುತ್ತಿತ್ತೇ? ಸಂದೇಶವನ್ನು ಮುಂದೆ ಕಳುಹಿಸಿದವರು ಇಷ್ಟನ್ನಾದರೂ ಯೋಚಿಸಬಹುದಿತ್ತು.

ಲೆಕ್ಕಾಚಾರಗಳ ಗತಿ

ಲೋಕಾಂತ್ಯದ ದಿನ ಹೇಳಿ ನಿರಾಶರಾದವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಯೇಸು ಮರಳಿ ಬರುವರೆಂದು ಕಾದು ಕುಳಿತಿದ್ದರು. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟದ ಭಯ ನಮ್ಮ ದೇಶವನ್ನೆಲ್ಲ ನಡುಗಿಸಿತ್ತು. 2012ರ ಡಿಸೆಂಬರ್ 21ರಂದು ಮಾಯಾ ಪಂಚಾಂಗದ ಹೆಸರಿನಲ್ಲಿ ಟಿವಿಗಳು ಹಗಲಿರುಳು ಗದ್ದಲ ಮಾಡಿದವು. ಆ ದಿನಗಳೆಲ್ಲ ಬಂದವು, ಹೋದವು.

ಅವರನ್ನು ಕಂಡು ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಲೋಕದ ಆಯುಸ್ಸು ಏಳು ಸಾವಿರ ವರ್ಷಗಳೆಂಬ ವರದಿಯನ್ನು ಹಿಡಿದು ನಮ್ಮಲ್ಲೂ ಲೆಕ್ಕಗಳು ಹುಟ್ಟಿದವು. ಇಸ್ಲಾಮ್ ಬಂದ ಬಳಿಕ ಲೋಕವು ಐನೂರು ವರ್ಷ ಬಾಳುವುದೆಂಬ ಲೆಕ್ಕವನ್ನು ಮಹಾನ್ ವಿದ್ವಾಂಸ ತಬರಿಯವರ ಹೆಸರಿನಲ್ಲಿ ಹೇಳಲಾಗುತ್ತಿತ್ತು. ಕಾಲವೇ ಅದನ್ನು ಸುಳ್ಳಾಗಿಸಿತೆಂದು ಇಬ್ನು ಖಲ್ದೂನ್ ತಮ್ಮ ‘ಮುಕದ್ದಿಮ’ದಲ್ಲಿ ತಿಳಿಸಿದ್ದಾರೆ. ಇಬ್ನುಲ್ ಕಯ್ಯಿಮ್ ಅವರಂತೂ ಏಳು ಸಾವಿರ ವರ್ಷಗಳ ವರದಿಯೇ ಶುದ್ಧ ಸುಳ್ಳೆಂದರು. ಅವರ ವಾದ ಬಹಳ ಸರಳ: ಅದು ನಿಜವಾಗಿದ್ದರೆ ಇನ್ನೆಷ್ಟು ವರ್ಷ ಉಳಿದಿದೆಯೆಂದು ಪ್ರತಿಯೊಬ್ಬನಿಗೂ ಲೆಕ್ಕ ಸಿಗುತ್ತಿತ್ತು, ಆದರೆ ಆ ಜ್ಞಾನವನ್ನು ಅಲ್ಲಾಹನು ತನಗೆ ಮಾತ್ರ ಇಟ್ಟುಕೊಂಡಿದ್ದಾನೆ. ಈ ಸಮುದಾಯವು ಸಾವಿರ ವರ್ಷ ದಾಟದೆಂಬ ಮಾತೂ ಜನರ ಬಾಯಲ್ಲಿತ್ತು. ಹಿಜರಿ 1000 ಕ್ರಿ.ಶ. 1591ರಲ್ಲಿ ಆರಂಭವಾಯಿತು. ಅದಾಗಿ ನಾಲ್ಕು ಶತಮಾನಗಳೇ ಕಳೆದವು.

ಕನಸು ಪುರಾವೆಯಲ್ಲ

ಮದೀನದ ಶೇಖ್ ಅಹ್ಮದ್ ಎಂಬವರ ಕನಸಿನ ಪತ್ರ ನಿಮ್ಮ ಮನೆಗೂ ಬಂದಿರಬಹುದು. ಪ್ರವಾದಿವರ್ಯರು(ಸ) ಕನಸಿನಲ್ಲಿ ಬಂದು ಕಿಯಾಮತ್ ಹತ್ತಿರವಾಗಿದೆಯೆಂದು ತಿಳಿಸಿದರಂತೆ. ಪತ್ರವನ್ನು ನಕಲು ಮಾಡಿ ಹಂಚಿದವನಿಗೆ ಲಾಭ, ಹಂಚದವನಿಗೆ ಕೇಡು ಎಂಬ ಬೆದರಿಕೆಯೂ ಇರುತ್ತದೆ. ಇದೇ ಮಾದರಿಯ ಪತ್ರ ಇಂಡೋನೇಷ್ಯಾದಲ್ಲಿ ಹರಿದಾಡಿದ್ದನ್ನು ಡಚ್ ವಿದ್ವಾಂಸ ಸ್ನೂಕ್ ಹುರ್ಗ್ರೋನ್ಯೆ 1884ರಲ್ಲೇ ಬರೆದಿದ್ದಾನೆ. ಈಜಿಪ್ಟಿನ ರಶೀದ್ ರಿದಾ ಅವರೂ ಸೌದಿಯ ಶೇಖ್ ಇಬ್ನ್ ಬಾಝ್ ಅವರೂ ಇದನ್ನು ಖಂಡಿಸಿದ್ದಾರೆ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಅದೇ ಕನಸು ‘ಈಗಷ್ಟೇ’ ಬೀಳುತ್ತಿದೆ! ಪತ್ರ ಹಂಚಿದರೆ ಸ್ವರ್ಗ, ಹಂಚದಿದ್ದರೆ ನಾಶ ಎಂಬ ಹೊಸ ಶರೀಅತನ್ನು ತರುವ ಅಧಿಕಾರ ಯಾರ ಕನಸಿಗೂ ಇಲ್ಲ.

ಕನಸನ್ನು ಪುರಾವೆಯಾಗಿ ಹಿಡಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಪವಿತ್ರ ಹರಮ್ ಸಾಕ್ಷಿ. 1979ರ ನವೆಂಬರ್ 20, ಹಿಜರಿ 1400ರ ಮೊದಲ ದಿನ. ಫಜ್ರ್ ನಮಾಝಿನ ಹೊತ್ತಿನಲ್ಲಿ ಜುಹೈಮಾನ್ ಅಲ್ ಉತೈಬಿ ಮತ್ತು ಅವನ ಸಂಗಡಿಗರು ಶಸ್ತ್ರಗಳೊಂದಿಗೆ ಹರಮನ್ನು ವಶಪಡಿಸಿಕೊಂಡರು. ತಮ್ಮೊಳಗಿನ ಮುಹಮ್ಮದ್ ಬಿನ್ ಅಬ್ದುಲ್ಲಾ ಅಲ್ ಕಹ್ತಾನಿ ಎಂಬವನೇ ಮಹ್ದಿಯೆಂದು ಘೋಷಿಸಿದರು. ಪುರಾವೆಯೇನು? ಹೆಸರು ಹೊಂದುತ್ತಿತ್ತು, ಹೊಸ ಶತಮಾನ ಆರಂಭವಾಗಿತ್ತು, ಗುಂಪಿನ ಹಲವರಿಗೆ ಕನಸು ಬಿದ್ದಿತ್ತು. ತಮ್ಮ ಮೇಲೆ ಬರುವ ಸೇನೆಯನ್ನು ಭೂಮಿ ನುಂಗುವುದೆಂದು ಅವರು ನಂಬಿದ್ದರು. ಭೂಮಿ ನುಂಗಲಿಲ್ಲ. ಆ ‘ಮಹ್ದಿ’ ಮುತ್ತಿಗೆಯ ನಡುವೆಯೇ ಸತ್ತನು. ಒಂದು ಗಿಡವನ್ನೂ ಕೀಳಬಾರದ ನೆಲದಲ್ಲಿ ಎರಡು ವಾರ ರಕ್ತ ಹರಿಯಿತು, ನೂರಾರು ಜೀವಗಳು ಹೋದವು. 1980ರ ಜನವರಿಯಲ್ಲಿ 63 ಮಂದಿಗೆ ಮರಣದಂಡನೆಯಾಯಿತು. ನೆನಪಿಡಿ, ಇವರು ನಮಾಝ್ ಬಿಟ್ಟವರಲ್ಲ, ಧರ್ಮವನ್ನು ಓದಿದವರು. ಕಳೆದುಕೊಂಡದ್ದು ಪುರಾವೆ ಕೇಳುವ ಅಭ್ಯಾಸವನ್ನು.

ಮದೀನದಲ್ಲಿ ಇಬ್ನು ಸಯ್ಯಾದ್ ಎಂಬ ಬಾಲಕನೇ ದಜ್ಜಾಲನಿರಬಹುದೆಂಬ ಶಂಕೆ ಹುಟ್ಟಿದಾಗ ಅವನನ್ನು ಕೊಲ್ಲಲು ಹಝ್ರತ್ ಉಮರ್(ರ) ಅನುಮತಿ ಕೇಳಿದರು. ಅವನು ದಜ್ಜಾಲನೇ ಆಗಿದ್ದರೆ ನಿಮ್ಮಿಂದ ಕೊಲ್ಲಲಾಗದು, ಅಲ್ಲದಿದ್ದರೆ ಕೊಂದು ಒಳಿತೇನೂ ಇಲ್ಲ ಎಂದು ಪ್ರವಾದಿವರ್ಯರು(ಸ) ತಡೆದರು. ಶಂಕೆಯ ಮೇಲೆ ಕೈ ಎತ್ತದ ಈ ಸಂಯಮವೇ ಸುನ್ನತ್.

ಹೆದರಿಸಿದರೆ ನಷ್ಟವೇನು?

ಸುಳ್ಳಾದರೇನು, ಜನ ಹೆದರಿ ನಾಲ್ಕು ದಿನ ಮಸೀದಿಗೆ ಬಂದರಲ್ಲವೇ ಎನ್ನುವವರಿದ್ದಾರೆ. ಅವರು ಒಂದು ಘಟನೆಯನ್ನು ನೆನಪಿಸಿಕೊಳ್ಳಲಿ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೂ ಕಪ್ಪಿಟ್ಟಿತೆಂದು ಜನ ಆಡಿಕೊಂಡರು. ಸುಮ್ಮನಿದ್ದಿದ್ದರೆ ಜನರ ಭಕ್ತಿ ಇಮ್ಮಡಿಸುತ್ತಿತ್ತು. ಆದರೆ ಆ ದುಃಖದ ನಡುವೆಯೂ ಅವರು ನಮಾಝ್ ನಿರ್ವಹಿಸಿ, ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ಸತ್ಯಧರ್ಮಕ್ಕೆ ಸುಳ್ಳಿನ ಊರುಗೋಲು ಬೇಡ.

ನಷ್ಟವೇನೆಂದು ನನಗೆ ತೋರಿಸಿಕೊಟ್ಟದ್ದು ಒಬ್ಬ ಬಾಲಕ. ಲಾಕ್‌ಡೌನ್ ಮುಗಿದು ಮದ್ರಸ ತೆರೆದಾಗ ಏಳನೇ ತರಗತಿಯ ಹುಡುಗನೊಬ್ಬ ಮೆಲ್ಲನೆ ಕೇಳಿದ, “ಉಸ್ತಾದ್, ಆ ಶುಕ್ರವಾರ ನಮ್ಮ ಮನೆಯಲ್ಲಿ ಎಲ್ಲರೂ ಬಾಗಿಲು ಹಾಕಿ ಕುಳಿತಿದ್ದೆವು. ಏನೂ ಆಗಲಿಲ್ಲ. ಹಾಗಾದರೆ ಕಿಯಾಮತ್ ಕೂಡ ಹೀಗೆಯೇನಾ?”

ಓದುಗರೇ, ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಬೇಡಿ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ತಿಳಿದಿದೆ. ಸುಳ್ಳು ಕೂಗಿನಿಂದ ಆದ ನಷ್ಟವೆಂದರೆ ನಿಜವಾದ ಕೂಗನ್ನು ಯಾರೂ ನಂಬದೆ ಹೋದದ್ದು. ಸುಳ್ಳು ತಾರೀಖು ಕಳೆದುಹೋದಾಗ ಮಗುವಿನ ಮನಸ್ಸಿನಲ್ಲಿ ಸಂದೇಶ ಕಳುಹಿಸಿದವನು ಸುಳ್ಳಾಗುವುದಿಲ್ಲ. ಪರಲೋಕವೇ ಸುಳ್ಳಿನಂತೆ ಕಾಣತೊಡಗುತ್ತದೆ. ಒಂದು ಬೆರಳ ತುದಿಯಿಂದ ಒತ್ತಿ ಕಳುಹಿಸಿದ ಸಂದೇಶ ಒಂದು ಎಳೆಯ ಈಮಾನಿಗೆ ಗಾಯ ಮಾಡಿದರೆ ಆ ಲೆಕ್ಕವನ್ನು ಒಪ್ಪಿಸುವವರು ಯಾರು? ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಅವರು ಹೇಳದ್ದನ್ನು ಬೇಕೆಂದೇ ಅವರ ಹೆಸರಿಗೆ ಕಟ್ಟುವವನ ತಾಣ ನರಕವೆಂಬ ಎಚ್ಚರಿಕೆಯೂ ಇದೆ.

ಆದುದರಿಂದ ಇಂಥ ಸಂದೇಶ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಗ್ರಂಥದಲ್ಲಿದೆ? ಹದೀಸ್ ವಿದ್ವಾಂಸರು ಅದರ ಬಗ್ಗೆ ಏನು ಹೇಳಿದ್ದಾರೆ? ಅದು ಕುರ್‌ಆನಿನ ಸ್ಪಷ್ಟ ಮಾತಿಗೆ ವಿರುದ್ಧವಾಗಿಲ್ಲವೇ? ಅದು ನನ್ನಿಂದ ಬಯಸುವುದು ತೌಬಾವನ್ನೋ, ಹತ್ತು ಮಂದಿಗೆ ಕಳುಹಿಸುವುದನ್ನೋ? ಉತ್ತರ ಸಿಗದಿದ್ದರೆ ನಿಮ್ಮ ಮೊಹಲ್ಲಾದ ಖತೀಬರಲ್ಲಿ ವಿಚಾರಿಸಿ. ಅದುವರೆಗೆ ಸಂದೇಶ ನಿಮ್ಮಲ್ಲೇ ನಿಲ್ಲಲಿ.

ಒಬ್ಬ ಗ್ರಾಮೀಣನು ಬಂದು ಅಂತಿಮ ಘಳಿಗೆ ಯಾವಾಗ ಎಂದು ಕೇಳಿದಾಗ, ಅದಕ್ಕಾಗಿ ನೀನು ಏನು ಸಿದ್ಧಪಡಿಸಿದ್ದೀ ಎಂದು ಪ್ರವಾದಿವರ್ಯರು(ಸ) ಮರುಪ್ರಶ್ನೆ ಹಾಕಿದರು. ಯಾವಾಗ ಎಂಬುದು ನಮ್ಮ ಕೆಲಸವಲ್ಲ, ಏನು ಎಂಬುದೇ ನಮ್ಮ ಕೆಲಸ. ಕೊಡಬೇಕಾದ ಸಾಲ ಉಳಿದಿದೆಯೇ? ಅಕ್ಕತಂಗಿಯರ ಆಸ್ತಿಯ ಪಾಲು ನಮ್ಮ ಕೈಯಲ್ಲಿದೆಯೇ? ಮುರಿದ ಸಂಬಂಧ ಹಾಗೇ ಇದೆಯೇ? ಲೋಕದ ಅಂತ್ಯ ಎಂದೋ, ನಮ್ಮ ಪ್ರತಿಯೊಬ್ಬರ ಮರಣವಂತೂ ಖಂಡಿತ. ಅದಕ್ಕೂ ತಾರೀಖು ತಿಳಿಸಲಾಗಿಲ್ಲ.

ಕೈಯಲ್ಲಿ ಸಸಿಯಿರುವಾಗಲೇ ಅಂತಿಮ ಘಳಿಗೆ ಬಂದರೂ ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಬಾಗಿಲು ಮುಚ್ಚಿ ನಡುಗುತ್ತಾ ಕುಳಿತುಕೊಳ್ಳುವವನಲ್ಲ, ಸಸಿ ನೆಡುವವನೇ ಅಂತ್ಯದಿನವನ್ನು ನಿಜವಾಗಿ ನಂಬಿದವನು. ಅಲ್ಲಾಹನು ನಮಗೆ ಸತ್ಯವನ್ನು ಸತ್ಯವಾಗಿ ಕಂಡು ಅನುಸರಿಸುವ, ಸುಳ್ಳನ್ನು ಸುಳ್ಳಾಗಿ ಕಂಡು ದೂರವಿರುವ ಭಾಗ್ಯವನ್ನು ಕರುಣಿಸಲಿ. ಆಮೀನ್.