ಒಗ್ಗದ ಗಿಟಾರು

ಬ್ಲೂಸ್ ನುಡಿಸಲು ಫೆಂಡರ್ ಒಳ್ಳೆಯದೋ ಗಿಬ್ಸನ್ನೋ ಎಂಬ ಜಗಳ ಎಲೆಕ್ಟ್ರಿಕ್ ಗಿಟಾರ್ ಹಿಡಿದವರ ನಡುವೆ ಮುಗಿಯುವುದೇ ಇಲ್ಲ. ಎರಡು ಪಕ್ಷದವರೂ ಸಾಕ್ಷಿಗೆ ಕರೆಯುವುದು ಒಮ್ಮೊಮ್ಮೆ ಒಬ್ಬನನ್ನೇ: ಎರಿಕ್ ಕ್ಲಾಪ್ಟನ್ 1966ರ ಒಂದು ಆಲ್ಬಮ್‌ನಲ್ಲಿ ನುಡಿಸಿದ್ದು ಗಿಬ್ಸನ್‌ನ ಲೆಸ್ ಪಾಲ್, ಎಪ್ಪತ್ತರ ದಶಕದಲ್ಲಿ ಅವನ ಕೈಗೆ ಬಂದದ್ದು ಫೆಂಡರ್‌ನ ಸ್ಟ್ರಾಟೋಕಾಸ್ಟರ್.

ಹಾಗೆಂದು ಇದು ಬರೀ ಹಟದ ಮಾತಲ್ಲ. ವ್ಯತ್ಯಾಸ ಕೈಗೂ ಗೊತ್ತಾಗುತ್ತದೆ, ಕಿವಿಗೂ ಗೊತ್ತಾಗುತ್ತದೆ. ಫೆಂಡರ್‌ನಲ್ಲಿ ತಂತಿ ಮಿಡಿಯುವ ಉದ್ದ 648 ಮಿ.ಮೀ., ಗಿಬ್ಸನ್‌ನಲ್ಲಿ ಸುಮಾರು 628. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಬಿಗಿದರೆ ಗಿಬ್ಸನ್‌ನ ತಂತಿ ಬೆರಳಿಗೆ ಸುಲಭವಾಗಿ ಮಣಿಯುತ್ತದೆ. ತಂತಿಯ ಮಿಡಿತವನ್ನು ವಿದ್ಯುತ್ತಾಗಿ ಹಿಡಿಯುವ ಪಿಕಪ್ ಫೆಂಡರ್‌ನಲ್ಲಿ ಒಂಟಿ ಸುರುಳಿಯದು; ಅದು ಚೂಪಾಗಿ ಕೇಳಿಸುತ್ತದೆ, ಜೊತೆಗೆ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹೊತ್ತು ತರುತ್ತದೆ. ಅದನ್ನು ಅಡಗಿಸಲೆಂದೇ ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಹಂಬಕರ್ ರೂಪಿಸಿದ. ಅದರ ದನಿ ದುಂಡು, ತುಸು ದಪ್ಪ.

ಆದರೆ ಇವುಗಳಲ್ಲಿ ಒಂದನ್ನೂ ಬ್ಲೂಸ್‌ಗೆಂದು ಮಾಡಿದ್ದಲ್ಲ. ಲಿಯೋ ಫೆಂಡರ್ ರೇಡಿಯೋ ರಿಪೇರಿಯವ, ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಹಲಗೆಯಂಥ ವಾದ್ಯವನ್ನು 1950ರಲ್ಲಿ ಹೊರತಂದಾಗ ಅವನ ಕಣ್ಣಮುಂದಿದ್ದವರು ಕ್ಯಾಲಿಫೋರ್ನಿಯಾದ ಕಂಟ್ರಿ ವಾದಕರು. ಗಿಬ್ಸನ್ 1952ರಲ್ಲಿ ತನ್ನ ಗಿಟಾರಿಗೆ ಇಟ್ಟುಕೊಂಡ ಹೆಸರು ಲೆಸ್ ಪಾಲ್‌ನದು. ಅವನು ಜಾಝ್ ಮತ್ತು ಜನಪ್ರಿಯ ಹಾಡುಗಳ ವಾದಕ. ಮಿಸಿಸಿಪಿಯ ಹತ್ತಿ ಹೊಲ ಬಿಟ್ಟು 1943ರಲ್ಲಿ ಶಿಕಾಗೋ ಸೇರಿದ ಮಡ್ಡಿ ವಾಟರ್ಸ್ ಎಲೆಕ್ಟ್ರಿಕ್ ಗಿಟಾರಿಗೆ ಹೊರಳಿದ್ದಕ್ಕೆ ಕಾರಣ ದನಿಯ ಸೊಗಸೇನೂ ಅಲ್ಲ. ಕುಡಿತದ ಅಡ್ಡೆಗಳ ಗದ್ದಲದಲ್ಲಿ ಬರೀ ಮರದ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ.

ಇನ್ನೂ ಒಳಗಿನ ಪೇಚೊಂದಿದೆ. ಬ್ಲೂಸ್‌ನ ಜೀವಸ್ವರ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಓಲಾಡುತ್ತದೆ. ಗಿಟಾರಿನ ಫ್ರೆಟ್‌ಗಳಲ್ಲಿ ಅದಕ್ಕೆ ಜಾಗವಿಲ್ಲ. ವೀಣೆಯವರ ಹಾಗೆ ತಂತಿಯನ್ನು ಅಡ್ಡಕ್ಕೆ ಎಳೆಯಬೇಕು, ಇಲ್ಲವೇ ಬೆರಳಿಗೆ ಬಾಟಲಿಯ ಕತ್ತು ತೊಡಿಸಿ ಫ್ರೆಟ್‌ಗಳನ್ನು ಲೆಕ್ಕಿಸದೆ ಜಾರಬೇಕು. ವಾದ್ಯ ತಾನಾಗಿ ಕೊಡಲೊಪ್ಪದ ಸ್ವರವೇ ಈ ಸಂಗೀತದ ತಿರುಳು ಎಂದ ಮೇಲೆ, ಅದಕ್ಕೆ ಒಗ್ಗುವ ವಾದ್ಯ ಎಂಬ ಮಾತಿಗೆ ಅರ್ಥವೇನು?

ಬ್ಲೂಸ್ ವಾದಕ ಬಿ.ಬಿ. ಕಿಂಗ್‌ನ ಬಂಧು ಬುಕ್ಕಾ ವೈಟ್ ಹಾಗೆ ಜಾರಿಸಿ ನುಡಿಸುವುದರಲ್ಲಿ ಗಟ್ಟಿಗ. ಕಿಂಗ್‌ಗೆ ಅದು ಒಲಿಯಲಿಲ್ಲ. ಆ ದನಿಯ ಬೆನ್ನು ಹತ್ತಿ ಎಡಗೈಯನ್ನು ನಡುಗಿಸುತ್ತಾ ಹೋದ. ಒಂದೇ ಸ್ವರ ಕೇಳಿದರೂ ಇದು ಕಿಂಗ್ ಎಂದು ಹೇಳಬಲ್ಲ ಕಂಪನ ಹುಟ್ಟಿದ್ದು ಹಾಗೆ.

ಇನ್ನೊಬ್ಬ ಬ್ಲೂಸ್ ವಾದಕ ಆಲ್ಬರ್ಟ್ ಕಿಂಗ್‌ನದು ಇನ್ನೂ ವಿಚಿತ್ರ. ಅವನು ಎಡಚ. ಬಲಗೈಯವರ ಗಿಟಾರನ್ನು ತಿರುವಿ ಹಿಡಿದ, ತಂತಿಗಳನ್ನು ಮಾತ್ರ ಬದಲಿಸಲಿಲ್ಲ. ಹೀಗಾಗಿ ಸಣ್ಣ ತಂತಿ ಮೇಲೆ ಬಂತು, ದಪ್ಪದ್ದು ಕೆಳಗೆ. ಉಳಿದವರು ಸಣ್ಣ ತಂತಿಯನ್ನು ಮೇಲಕ್ಕೆ ತಳ್ಳಿದರೆ ಅವನು ಕೆಳಕ್ಕೆ ಸೆಳೆಯುತ್ತಿದ್ದ, ಇಡೀ ಕೈಯ ಬಲ ಹಾಕಿ. ಅವನ ಸ್ವರಗಳಲ್ಲಿನ ಆ ಜಗ್ಗಾಟವನ್ನು ನಕಲು ಮಾಡಲು ಹೊರಟು ಸೋತವರು ಕಡಿಮೆಯಿಲ್ಲ. ಅವನು ಹಿಡಿದದ್ದು ಫ್ಲೈಯಿಂಗ್ ವಿ, 1958ರಲ್ಲಿ ಗಿಬ್ಸನ್ ಬಾಣದಂತೆ ಕಾಣಲೆಂದು ಮಾಡಿ, ಕೊಳ್ಳುವವರಿಲ್ಲದೆ ಬೇಗನೆ ಕೈಬಿಟ್ಟ ಮಾದರಿ. ಅದರ ಎರಡು ರೆಕ್ಕೆಗಳೂ ಸಮ, ಹಾಗಾಗಿ ಯಾವ ಕಡೆ ತಿರುವಿದರೂ ಅಡ್ಡಿಯಿಲ್ಲ. ಎಡಚನೊಬ್ಬನಿಗೆ ಇದು ಒಗ್ಗೀತು ಎಂದು ಗಿಬ್ಸನ್‌ನ ಕಲಮಝೂ ಕಾರ್ಖಾನೆಯಲ್ಲಿ ಯಾರೂ ಎಣಿಸಿರಲಾರರು. ಇಂಥ ಆಕಸ್ಮಿಕ ಹೊಂದಿಕೆಯನ್ನೂ ಬ್ರ್ಯಾಂಡಿನ ಗುಣವೆಂದು ಬರೆದುಕೊಳ್ಳಬೇಕೆ?

ಶಿಕಾಗೋದ ಹೌಂಡ್ ಡಾಗ್ ಟೇಲರ್‌ನ ಬಳಿ ಇದ್ದದ್ದು ಅಗ್ಗದ ಜಪಾನಿ ಗಿಟಾರ್, ಒಡಕು ದನಿಯ ಆಂಪ್ಲಿಫೈಯರ್. ಅವನ ರೆಕಾರ್ಡ್ ತರಲೆಂದೇ 1971ರಲ್ಲಿ ಅಲಿಗೇಟರ್ ಎಂಬ ಸಂಸ್ಥೆ ಹುಟ್ಟಿತು. ಆದರೆ ಅಗ್ಗದ ವಾದ್ಯವೇ ನಿಜವಾದ ಬ್ಲೂಸ್ ವಾದ್ಯ ಎನ್ನುವವರನ್ನೂ ನಾನು ನಂಬುವುದಿಲ್ಲ. ಅದು ಬಡತನವನ್ನು ಅಲಂಕಾರ ಮಾಡಿಕೊಂಡವರ ಮಾತು. ಕೈಗೆ ನಾಲ್ಕು ಕಾಸು ಬಂದೊಡನೆ ಈ ಕಲಾವಿದರಲ್ಲಿ ಹೆಚ್ಚಿನವರು ಒಳ್ಳೆಯ ಗಿಟಾರನ್ನೇ ಕೊಂಡರು, ಚಂದದ ಸೂಟನ್ನೂ ತೊಟ್ಟರು.

ಕಂಪನಿಗಳು ತಡವಾಗಿ ಎಚ್ಚೆತ್ತವು. ತನ್ನ ಟೊಳ್ಳು ಮೈಯ ಗಿಟಾರ್ ಕಿರುಚದಿರಲೆಂದು ಬಿ.ಬಿ. ಕಿಂಗ್ ಅದರ ಸದ್ದಿನ ಕಿಂಡಿಗಳಿಗೆ ಬಟ್ಟೆ ತುರುಕುತ್ತಿದ್ದ. 1980ರಲ್ಲಿ ಗಿಬ್ಸನ್ ಕಿಂಡಿಗಳೇ ಇಲ್ಲದ ಮಾದರಿ ಮಾಡಿ, ಅವನ ಗಿಟಾರಿನ ಹೆಸರಾದ ಲ್ಯೂಸಿಲ್ ಎಂದೇ ಕರೆಯಿತು. ವಾದ್ಯಕ್ಕೆ ಮನುಷ್ಯ ಒಗ್ಗಿದ ಎಷ್ಟೋ ವರ್ಷಗಳ ಮೇಲೆ ಮನುಷ್ಯನಿಗೆ ವಾದ್ಯ ಒಗ್ಗಿತು. ಫೆಂಡರ್ ಈಗ ಹೊಸ ಗಿಟಾರಿನ ಬಣ್ಣವನ್ನು ಬೇಕೆಂದೇ ಕೆರೆದು, ಸವೆತಕ್ಕೂ ಸೇರಿಸಿ ಹಣ ಕೇಳುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬ್ರಿಟಿಷ್ ಬ್ಲೂಸ್ ವಾದಕ ಪೀಟರ್ ಗ್ರೀನ್‌ನ 1959ರ ಲೆಸ್ ಪಾಲ್. ಅದರ ಒಂದು ಪಿಕಪ್‌ನ ಅಯಸ್ಕಾಂತ ತಿರುಗುಮುರುಗಾಗಿದೆ. ಎರಡೂ ಪಿಕಪ್‌ಗಳನ್ನು ಒಟ್ಟಿಗೆ ಚಾಲೂ ಮಾಡಿದರೆ ಒಂದು ಇನ್ನೊಂದರ ದನಿಯನ್ನು ತಿನ್ನುತ್ತದೆ; ಉಳಿಯುವುದು ತೆಳ್ಳಗಿನ, ಮೂಗಿನಲ್ಲಿ ಹಾಡಿದಂಥ ದನಿ. ಗ್ರೀನ್ ಅದನ್ನು ಸರಿಪಡಿಸದೆ ನುಡಿಸಿದ. ಗಿಟಾರ್ ಮುಂದೆ ಇನ್ನೊಬ್ಬ ವಾದಕ ಗ್ಯಾರಿ ಮೂರ್‌ಗೆ ಹೋಯಿತು, 2014ರಲ್ಲಿ ಮೆಟಾಲಿಕಾದ ಕಿರ್ಕ್ ಹ್ಯಾಮೆಟ್‌ಗೆ. 1995ರಲ್ಲಿ ಗ್ರೀನ್‌ನ ಗೌರವಾರ್ಥ ಮೂರ್ ಒಂದು ಆಲ್ಬಮ್ಮನ್ನೇ ತಂದ. ಅದೇ ಮರ, ಅದೇ ಅಯಸ್ಕಾಂತ. ಆದರೂ ಗ್ರೀನ್ ಸುಮ್ಮನಾಗಿಬಿಡುವಂಥ ಕಡೆಗಳಲ್ಲಿ ಮೂರ್‌ಗೆ ಹೇಳುವುದು ಇನ್ನೂ ಉಳಿದಿರುತ್ತದೆ. 2023ರಲ್ಲಿ ಗಿಬ್ಸನ್ ಅದರ ಪ್ರತಿರೂಪವನ್ನು ಮಾರುಕಟ್ಟೆಗೆ ಬಿಟ್ಟಿತು. ಬೇರೆ ಯಾವುದೇ ಗಿಟಾರಿನಲ್ಲಿ ಕಂಡಿದ್ದರೆ ಅಂಗಡಿಗೆ ಹಿಂದಿರುಗಿಸಬಹುದಾಗಿದ್ದ ಆ ತಪ್ಪನ್ನು ಕಾರ್ಖಾನೆಯಲ್ಲೇ ಅಚ್ಚುಕಟ್ಟಾಗಿ ಕೂರಿಸಿ ಕೊಡುತ್ತಾರೆ.