ಅದೇ ಹೆಸರಿನ ಇನ್ನೊಬ್ಬಳು

ಮನೆಯಲ್ಲಿ ಏನೇ ಕಳೆದರೂ ಹುಡುಕುವ ಕೆಲಸ ಹೆಂಗಸರದ್ದು. ಗಂಡನ ಕನ್ನಡಕ, ಮಗನ ಅಂಕಪಟ್ಟಿ, ಅತ್ತೆಯವರ ನಶ್ಯದ ಡಬ್ಬಿ, ಗ್ಯಾಸಿನ ಪುಸ್ತಕ ಎಲ್ಲವೂ ನಮಗೆ ಸಿಗಲೇಬೇಕು. ಸಿಕ್ಕರೆ ‘ಅಲ್ಲೇ ಇತ್ತಲ್ಲ’ ಎನ್ನುತ್ತಾರೆ. ಸಿಗದಿದ್ದರೆ ‘ನೀನೇ ಎಲ್ಲೋ ಎತ್ತಿಟ್ಟಿರುತ್ತೀಯ’ ಎನ್ನುತ್ತಾರೆ. ಇಷ್ಟು ಅಭ್ಯಾಸವಿದ್ದರೂ ನಮ್ಮದೇ ಒಂದು ವಸ್ತು ಕಳೆದಾಗ ಏನು ಮಾಡಬೇಕೆಂದು ತೋಚುವುದಿಲ್ಲ. ನಮ್ಮದು ಎಂದು ಹೇಳಿಕೊಳ್ಳುವ ವಸ್ತು ಮನೆಯಲ್ಲಿ ಕಡಿಮೆಯಾದ್ದರಿಂದ ಇರಬಹುದು.

ನನ್ನದು ಎಂಬುದು ಕಂಪ್ಯೂಟರಿನೊಳಗಿತ್ತು. ಅವ್ವ ಹುಟ್ಟಿದ ಊರು ಹೆಗ್ಗಡದೇವನಕೋಟೆ ತಾಲ್ಲೂಕಿನದು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿತು. ಹುಣಸೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಅವ್ವ ಯಾರ ಮನೆಯ ಪಕ್ಕ ಯಾರ ಮನೆ, ಬಾವಿ ಯಾವ ದಿಕ್ಕಿಗೆ, ಯಾವ ಹೊಲದ ಬದುವಿನಲ್ಲಿ ಹುಣಸೆಮರ ಎಂದು ಹೇಳುತ್ತಿದ್ದಳು. ನಾನು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಕಬಿನಿ ಇಳಿದು ಹುಲ್ಲು ಚಿಗುರಿದರೆ ಕಾಡಾನೆಗಳು ಹಿಂಡುಹಿಂಡಾಗಿ ಬರುತ್ತವೆ, ಜನ ಜೀಪಿನಲ್ಲಿ ನೋಡಲು ಹೋಗುತ್ತಾರೆ. ಅವ್ವನ ಊರು ಎಲ್ಲಿದೆಯೆಂದು ಗೊತ್ತು, ಆದರೆ ಹೋಗಲಾಗದು. ಹೋಗಬಹುದಾದ ಊರು ಉಳಿದದ್ದು ಆ ಫೈಲಿನಲ್ಲಿ ಮಾತ್ರ.

ಅವ್ವ ತೀರಿಕೊಂಡ ಮೂರನೆಯ ವರ್ಷ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದಾಯಿತು. ತೆರೆದು ನೋಡಿದರೆ ಗೃಹಪ್ರವೇಶದ ದಿನದ ಮನೆಯಂತೆ ಎಲ್ಲ ಚೊಕ್ಕಟ, ಎಲ್ಲ ಖಾಲಿ. ಮೇಲೆ ನನ್ನ ಹೆಸರು ಮಾತ್ರ ಮೊದಲಿನಂತೆಯೇ ಇತ್ತು.

ಇಂಥದ್ದು ನನಗೊಬ್ಬಳಿಗೇ ಆದದ್ದಲ್ಲ. 2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಹೊಸ ಪರಿಷ್ಕರಣೆ ಬಿಡುಗಡೆ ಮಾಡಿದಾಗ ಕೆಲವರ ಬರಹ, ಫೋಟೋಗಳೆಲ್ಲ ಅಳಿಸಿಹೋದವು. ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿ, ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಟ್ಟರು. ಫೈಲುಗಳ ಜಾಗವನ್ನು ಬೇರೆ ಕಡೆಗೆ ಬದಲಿಸಿಕೊಂಡು, ಹಳೆಯ ಜಾಗದಲ್ಲೂ ಏನಾದರೂ ಉಳಿಸಿಕೊಂಡಿದ್ದವರಿಗೆ ಈ ಪೆಟ್ಟು ಬಿದ್ದದ್ದು. ಹೊಸ ಮನೆ ಇದೆಯಲ್ಲ, ಹಳೆಯದು ಯಾಕೆ ಎಂದು ಯಂತ್ರ ಗುಡಿಸಿಬಿಟ್ಟಿತು. ದೂರು ಕೊಟ್ಟವರು ಹತ್ತು ಸಾವಿರಕ್ಕೆ ಒಬ್ಬರು ಎಂದು ಸಂಸ್ಥೆ ಲೆಕ್ಕ ಹೇಳಿತು. ಲೆಕ್ಕ ಸರಿಯೇ ಇದ್ದೀತು. ಆ ಒಬ್ಬರಿಗೆ ಹೋದದ್ದು ಹತ್ತು ಸಾವಿರದಲ್ಲಿ ಒಂದು ಪಾಲಲ್ಲ, ಇದ್ದಬದ್ದದ್ದೆಲ್ಲ.

ನನ್ನದು ಅಳಿಸಿರಲಿಲ್ಲ. ಮೈದುನನ ಮಗ ಮೈಸೂರಿನಿಂದ ಬಂದು ಸಂಜೆಯೆಲ್ಲ ಕೂತು, ಒಳಗೆಲ್ಲೋ ನನ್ನದೇ ಹೆಸರಿನ ಇನ್ನೊಂದು ಫೋಲ್ಡರ್ ತೋರಿಸಿದ. ಮುಟ್ಟಿದರೆ ‘ನಿಮಗೆ ಅನುಮತಿ ಇಲ್ಲ’ ಎಂದಿತು.

“ನನ್ನದೇ ಅಲ್ವೇನೋ ಅದು?”

“ಯಂತ್ರಕ್ಕೆ ಹೆಸರು ಲೆಕ್ಕಕ್ಕಿಲ್ಲ ದೊಡ್ಡಮ್ಮ. ಒಳಗೆ ಒಬ್ಬೊಬ್ಬರಿಗೂ ಒಂದು ಉದ್ದದ ನಂಬರ್ ಇರುತ್ತೆ. ನಿಮಗೀಗ ಹೊಸ ನಂಬರ್ ಬಂದಿದೆ. ಅದರ ಪ್ರಕಾರ ನೀವು ಅದೇ ಹೆಸರಿನ ಇನ್ನೊಬ್ಬರು.”

ನನಗೆ ನಗು ಬಂತು. ಮದುವೆಯಾಗಿ ಬಂದ ವರ್ಷ ರೇಷನ್ ಕಾರ್ಡಿನಿಂದ ಹಿಡಿದು ಬ್ಯಾಂಕಿನ ಪುಸ್ತಕದವರೆಗೆ, ತವರಿನ ಹೆಸರಿನವಳೂ ನಾನೇ ಎಂದು ರುಜುವಾತು ಮಾಡಿದವಳು ನಾನು. ಎಡತೊರೆ ಹೋಗಿ ಕೃಷ್ಣರಾಜನಗರ ಬಂತು. ಅರ್ಕೇಶ್ವರ ಯಾರಿಗೂ ಏನನ್ನೂ ರುಜುವಾತು ಮಾಡದೆ ಕಾವೇರಿಯ ದಂಡೆಯಲ್ಲಿ ಆರಾಮವಾಗಿದ್ದಾನೆ. ದೇವರಿಗೆ ಆಗುತ್ತದೆ, ನಮಗೆ ಆಗುವುದಿಲ್ಲ.

ಹುಡುಗ ಒಡೆತನ ಬದಲಿಸಿ ಬೀಗ ತೆಗೆದ. ಫೈಲು ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಹಳೆಯ ನುಡಿಯಲ್ಲಿ ಕನ್ನಡಕ್ಕೆ ಸ್ವಂತ ಸಂಕೇತ ಇರಲಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್ ಬಂದ ಮೇಲೆ ಈ ತಾಪತ್ರಯ ತಪ್ಪಿತು, ಆದರೆ ಹಿಂದೆ ಬರೆದದ್ದು ಹಾಗೆಯೇ ಉಳಿದಿದೆ.

ಅಲ್ಲಿಯವರೆಗೆ ಯಾರಿಗೂ ಹೇಳದ ಮಾತೊಂದು ಇದೆ. ಆ ಫೋಲ್ಡರಿನಲ್ಲಿ ‘ಅಕ್ಕನಿಗೆ’ ಎಂಬ ಇನ್ನೊಂದು ಫೈಲು ಇತ್ತು. ಪಿರಿಯಾಪಟ್ಟಣದಲ್ಲಿರುವ ನಮ್ಮಕ್ಕನಿಗೂ ನನಗೂ ಅವ್ವನ ಪರಿಹಾರದ ಜಮೀನಿನ ಪಾಲಿನಲ್ಲಿ ಮಾತು ನಿಂತಿತ್ತು. ಸಿಟ್ಟು ಬಂದ ರಾತ್ರಿಗಳಲ್ಲಿ ಅವಳಿಗೆ ಕಾಗದ ಬರೆಯುತ್ತಿದ್ದೆ, ಒಂದನ್ನೂ ಕಳಿಸಲಿಲ್ಲ. ಹುಡುಕಾಟದ ದಿನಗಳಲ್ಲಿ ಅವ್ವನ ಊರು ಸಿಗಲಪ್ಪ ಎಂದು ಹಂಬಲಿಸುತ್ತಿದ್ದೆ. ಜೊತೆಗೇ, ಆ ಕಾಗದಗಳು ಹೋಗಿದ್ದರೆ ಹೋಗಲಿ ಎಂಬ ಹಗುರವೂ ಇತ್ತು. ಹುಡುಕುವವನ ಕೈಗೆ ದೀಪ ಕೊಟ್ಟು, ಈ ಮೂಲೆ ನೋಡು, ಆ ಮೂಲೆ ಬೇಡ ಎನ್ನಲಾದೀತೇ? ಕಳೆದದ್ದೆಲ್ಲ ನಷ್ಟ ಎನ್ನುತ್ತೇವಲ್ಲ, ತಾನಾಗಿ ಕಳೆದುಹೋಗಲೆಂದು ನಾವೇ ಕಾಯುತ್ತಿರುವುದೂ ಮನೆಯಲ್ಲಿ ಎಷ್ಟಿರುತ್ತದೆ! ನಾವೇ ಅಳಿಸಿದರೆ ಅದು ನಮ್ಮ ತೀರ್ಮಾನ. ತಾನೇ ಹೋದರೆ ಯಾರ ಹೊಣೆಯೂ ಅಲ್ಲ. ಆ ಹಗುರ ಅಷ್ಟು ಒಳ್ಳೆಯದಲ್ಲ ಎಂದು ಈಗಲೂ ಅನ್ನಿಸುತ್ತದೆ.

ಫಾಂಟ್ ಹಾಕಿದ ಕೂಡಲೆ ಎರಡೂ ಓದುವಂತಾದವು. “ಇದನ್ನೂ ತೆಗೀಲಾ ದೊಡ್ಡಮ್ಮ?” ಎಂದ. ಬೇಡ, ಹಾಗೇ ಇಡು ಎಂದೆ. ಒಳ್ಳೆಯ ಹುಡುಗ, ಮತ್ತೆ ಕೇಳಲಿಲ್ಲ.

ಅವ್ವನ ಊರನ್ನು ಪ್ರಿಂಟು ತೆಗೆಸಿ ಅಂಚೆಯಲ್ಲಿ ಅಕ್ಕನಿಗೆ ಕಳಿಸಿದೆ. ಜೊತೆಗೆ ಒಂದು ಸಾಲೂ ಬರೆಯಲಿಲ್ಲ. ನಾಲ್ಕನೆಯ ದಿನ ಫೋನು ಬಂತು. ಚೆನ್ನಾಗಿದ್ದೀಯಾ ಎಂದೂ ಕೇಳದೆ, “ಬಾವಿ ಇದ್ದದ್ದು ತೆಂಕಲಿಗಲ್ಲ ಕಣೇ, ಮೂಡಲಿಗೆ. ನಾನೇ ನೀರು ಸೇದಿದ್ದೀನಿ,” ಎಂದಳು. ನಾನು ಆ ಊರು ಕಂಡವಳಲ್ಲ. ಅವ್ವನ ಸಾಲನ್ನು ಹಾಗೇ ಬಿಟ್ಟು, ಅದರ ಕೆಳಗೆ ಅಕ್ಕ ಹೇಳಿದ್ದನ್ನೂ ಬರೆದುಕೊಂಡೆ.