‘ಆಗಿದೆ’ ಎನ್ನುವ ಮೊದಲು

ಸ್ವಂತ ಸೂರಿನ ಕನಸು ಕಾಣದ ಕುಟುಂಬ ವಿರಳ. ಇದ್ದ ಒಡವೆಯನ್ನು ಅಡವಿಟ್ಟು, ಭವಿಷ್ಯನಿಧಿಯಿಂದ ಒಂದಿಷ್ಟು ತೆಗೆದು, ಉಳಿದದ್ದಕ್ಕೆ ಬ್ಯಾಂಕಿನ ಮೊರೆಹೋಗುವವರು ನಮ್ಮ ನಡುವೆ ಅನೇಕರಿದ್ದಾರೆ. ಸಾಲ ಮಂಜೂರಾದರೂ ಬ್ಯಾಂಕು ಹಣವನ್ನೆಲ್ಲ ಒಮ್ಮೆಗೇ ಕೊಡುವುದಿಲ್ಲ. ಪಾಯ, ಲಿಂಟಲ್, ಚಾವಣಿ, ಗಿಲಾವು, ನೆಲ ಎಂದು ಕೆಲಸ ಮುಂದುವರಿದಂತೆಲ್ಲ ಕಂತು ಕಂತಾಗಿ ಬಿಡುಗಡೆ ಮಾಡುತ್ತದೆ. ಅದಕ್ಕೆ ಮೊದಲು ಬ್ಯಾಂಕಿನ ಪರವಾಗಿ ಇಂಜಿನಿಯರರು ಬಂದು ನೋಡಿ ವರದಿ ಕೊಡಬೇಕು. ಗೃಹಸಾಲದ ಹಣವನ್ನು ಕಟ್ಟಡದ ಹಂತಗಳಿಗೆ ಹೊಂದಿಸಿಯೇ ಕೊಡಬೇಕೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ.

ಈ ತಪಾಸಣೆಯ ಹೊತ್ತಿಗೇ ಒಂದು ಶೋಧನೆ ಎದುರಾಗುತ್ತದೆ. ಗೋಡೆ ಲಿಂಟಲ್ ಮಟ್ಟಕ್ಕೆ ಬರಲು ಇನ್ನೂ ನಾಲ್ಕು ವರಸೆ ಇಟ್ಟಿಗೆ ಬಾಕಿ ಇದೆ. ಮೇಸ್ತ್ರಿ ಹೇಳುತ್ತಾನೆ: “ಮುಗಿದಿದೆ ಅಂತ ಬರೆಸಿಬಿಡಿ ಸಾರ್, ಬರೋ ವಾರ ಹೇಗೂ ಮುಗಿಸ್ತೀವಲ್ಲ.” ಮನೆಯ ಯಜಮಾನನೂ ತರ್ಕಿಸುತ್ತಾನೆ. ಸಾಲ ನನ್ನದು, ಬಡ್ಡಿ ನನ್ನದು, ತೀರಿಸುವವನೂ ನಾನೇ. ಹೀಗಿರುವಾಗ ಮೋಸ ಯಾರಿಗೆ? ಇದನ್ನು ಸುಳ್ಳೆನ್ನಬಹುದೇ? ಸುಳ್ಳಾದರೂ ಅದು ಪಾಪವೇ?

ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶನಿವಾರ ಬಂದರೆ ಗಾರೆಯವರಿಗೆ, ಆಳುಗಳಿಗೆ ಬಟವಾಡೆ ಆಗಬೇಕು. ಕೂಲಿಯನ್ನು ತಡೆಹಿಡಿಯುವವರನ್ನು ಸಂತ ಯಕೋಬರ ಪತ್ರ ಕಟುವಾಗಿ ಖಂಡಿಸುತ್ತದೆ. ಇತ್ತ ಬಾಡಿಗೆ, ಅತ್ತ ಬಡ್ಡಿ. ಇಲ್ಲಿ ಸುಳ್ಳು ಹೇಳಿಸುವುದು ದುರಾಸೆಯಲ್ಲ, ಇಕ್ಕಟ್ಟು.

ಹಿರಿಯರು ಇಂಥ ಇಕ್ಕಟ್ಟನ್ನು ಅರಿಯದವರಲ್ಲ. ಸಂತ ಅಗಸ್ಟೀನರು ಸುಳ್ಳಿನ ವಿಷಯವಾಗಿಯೇ ಎರಡು ಗ್ರಂಥಗಳನ್ನು ಬರೆದು, ಒಳ್ಳೆಯ ಉದ್ದೇಶಕ್ಕೂ ಸುಳ್ಳು ಸಲ್ಲದೆಂದರು. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಸುಳ್ಳನ್ನು ತಮಾಷೆಯದು, ಉಪಕಾರಕ್ಕೆ ಹೇಳುವುದು, ಕೇಡು ಬಗೆಯುವುದು ಎಂದು ಮೂರಾಗಿ ವಿಂಗಡಿಸಿದರು. ಮೂರೂ ತಪ್ಪೇ, ಆದರೆ ಮೂರರ ಭಾರವೂ ಒಂದೇ ಅಲ್ಲ. ಯಾವ ಸತ್ಯವನ್ನು ತಿರುಚಲಾಯಿತು, ಸನ್ನಿವೇಶವೇನು, ಉದ್ದೇಶವೇನು, ಯಾರಿಗೆ ಎಷ್ಟು ಹಾನಿಯಾಯಿತು ಎಂಬುದರಿಂದ ಸುಳ್ಳಿನ ಗುರುತ್ವವನ್ನು ಅಳೆಯಬೇಕೆಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಹಾಗಾದರೆ ಹಾನಿಯನ್ನೇ ಅಳೆದು ನೋಡೋಣ.

ಮೊದಲನೆಯದಾಗಿ, ಸಾಲಕ್ಕೆ ಜಾಮೀನು ನಿಂತವರು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಕರಾರು ಕಾಯಿದೆಯ 128ನೆಯ ಕಲಂ ಹೇಳುತ್ತದೆ. ಸಹಿ ಹಾಕಿದ ಬಾವ, ಜೊತೆ ಸಾಲಗಾರಳಾದ ಹೆಂಡತಿ, ಇವರನ್ನು ಕೇಳದೆಯೇ “ಯಾರಿಗೂ ಮೋಸವಿಲ್ಲ” ಎನ್ನುವುದು ಹೇಗೆ?

ಎರಡನೆಯದಾಗಿ, ಆ ಮನೆಯಲ್ಲಿ ಮಲಗುವ ಮಕ್ಕಳು. ಸೋಮವಾರದ ತಪಾಸಣೆಗೆ ಚಾವಣಿ ‘ಮುಗಿದಂತೆ’ ಕಾಣಲೆಂದು ಸೆಂಟ್ರಿಂಗ್ ಬೇಗ ಬಿಚ್ಚಿಸುವ ಆತುರ ಇದರದೇ ಮುಂದಿನ ಮೆಟ್ಟಿಲು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿದಾಗಲೂ 4.5 ಮೀಟರ್‌ವರೆಗಿನ ಅಂತರದ ಚಾವಣಿಗೆ ಕೊಟ್ಟ ಆಸರೆಯನ್ನು 7 ದಿನ, ಅದಕ್ಕೂ ಹೆಚ್ಚಿನ ಅಂತರವಿದ್ದರೆ 14 ದಿನ ತೆಗೆಯಬಾರದೆಂಬುದು 2000ದ ಭಾರತೀಯ ಮಾನಕದ ನಿಯಮ. ವರದಿಯಲ್ಲಿ ಏನೇ ಬರೆಸಿದರೂ ಕಾಂಕ್ರೀಟು ತನ್ನ ದಿನಗಳನ್ನು ತೆಗೆದುಕೊಂಡೇ ಗಟ್ಟಿಯಾಗಬೇಕು.

ಮೂರನೆಯದಾಗಿ, ಸ್ವತಃ ಸಾಲಗಾರನೇ. ಕೆಲಸಕ್ಕಿಂತ ಮುಂಚೆ ಬಂದ ಹಣಕ್ಕೆ ಅಂದಿನಿಂದಲೇ ಬಡ್ಡಿ ಶುರು. ಕೈಯಲ್ಲಿರುವ ಹಣಕ್ಕೆ ನೂರು ದಾರಿ: ತಾಯಿಯ ಆಸ್ಪತ್ರೆ, ತಂಗಿಯ ಮದುವೆ, ಮೇಸ್ತ್ರಿಯ ಮುಂಗಡ. ಕೊನೆಗೆ ಗೋಡೆ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ಕಂತಿಗೆ ತೋರಿಸಲು ಏನೂ ಇರುವುದಿಲ್ಲ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುವ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ಶಿಷ್ಯರಾಗುವವರನ್ನು ಎಚ್ಚರಿಸಲು. ಮನೆ ಕಟ್ಟುವವರಿಗೂ ಆ ಎಚ್ಚರ ಬೇಕು.

“ಬರುವ ವಾರ ಆಗುತ್ತದೆ” ಎಂಬುದು ಭರವಸೆ. ಮಳೆ ಬಂದು ಅದು ತಪ್ಪಿದರೆ ಯಾರೂ ನಮ್ಮನ್ನು ಸುಳ್ಳರೆನ್ನುವುದಿಲ್ಲ. “ಆಗಿದೆ” ಎಂಬುದು ಸಾಕ್ಷಿ. ದೂರದ ಕಚೇರಿಯಲ್ಲಿ ಕುಳಿತವರಿಗೆ ನಮ್ಮ ಮನೆಯನ್ನು ನೋಡಲು ಆ ವರದಿಯ ಹೊರತು ಬೇರೆ ಕಣ್ಣಿಲ್ಲ. ಅದಕ್ಕೆ ಇಂಜಿನಿಯರರ ಸಹಿಯನ್ನೂ ಸೇರಿಸಿದಾಗ, ಅದರಲ್ಲೂ ‘ಪೆಟ್ರೋಲ್ ಖರ್ಚಿಗೆ’ ಎಂದು ಲಕೋಟೆ ಕೊಟ್ಟು ಸೇರಿಸಿದಾಗ, ನಾವು ಸುಳ್ಳು ಹೇಳುವುದಷ್ಟೇ ಅಲ್ಲ, ಇನ್ನೊಬ್ಬನಿಂದ ಸುಳ್ಳುಸಾಕ್ಷಿ ಹೇಳಿಸುತ್ತೇವೆ. ಹತ್ತು ಕಟ್ಟಳೆಗಳಲ್ಲಿ ಎಂಟನೆಯದು ತಡೆಯುವುದು ಇದನ್ನೇ.

ಹಾಗಾದರೆ ಶನಿವಾರದ ಬಟವಾಡೆಗೆ ಏನು ದಾರಿ? ಪಾಯ ತೋಡುವ ಮೊದಲೇ ಕೆಲವು ವಾರಗಳ ಕೂಲಿಯನ್ನು ಬೇರೆಯಾಗಿ ತೆಗೆದಿಡಬೇಕು. ಯಾವ ಹಂತಕ್ಕೆ ಎಷ್ಟು ಹಣ ಎಂಬುದನ್ನು ಸಾಲದ ಕಾಗದಕ್ಕೆ ಸಹಿ ಹಾಕುವಾಗಲೇ ಬ್ಯಾಂಕಿನಲ್ಲಿ ಬರಹದಲ್ಲಿ ಕೇಳಿ ಪಡೆಯಬೇಕು. ಹಂತ ಮುಗಿಯುವ ಕೆಲವು ದಿನ ಮುಂಚೆ ತಪಾಸಣೆಗೆ ತಿಳಿಸಬೇಕು. ಮುಕ್ಕಾಲು ಪಾಲು ಮುಗಿದಿದ್ದರೆ ಮುಕ್ಕಾಲು ಎಂದೇ ಹೇಳಿ, ಅಷ್ಟಕ್ಕೇ ಹಣ ಸಿಗುವುದೇ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಅದೂ ಆಗದಿದ್ದರೆ ಬಂಧುಗಳಲ್ಲಿ ಕೈಗಡ ತಂದಾದರೂ ಕೂಲಿ ಕೊಡುವುದು ನ್ಯಾಯ. ಈಗಾಗಲೇ ಸುಳ್ಳು ವರದಿಯ ಮೇಲೆ ಹಣ ಪಡೆದವರು ಅದನ್ನು ಬೇರೆಡೆ ಖರ್ಚು ಮಾಡದೆ ಮೊದಲು ಆ ಹಂತವನ್ನೇ ಪೂರೈಸಲಿ. ಪಾಪನಿವೇದನೆ ಮಾಡಿದ ಮೇಲೂ ಪರಿಹಾರದ ಹೊಣೆ ಉಳಿದಿರುತ್ತದೆ.

ಮನೆ ಕಟ್ಟುವ ದಿನಗಳಲ್ಲಿ ಮಕ್ಕಳು ಮರಳ ರಾಶಿಯ ಮೇಲೆ ಆಡುತ್ತಾ ದೊಡ್ಡವರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. “ಇನ್ನೂ ನಾಲ್ಕು ವರಸೆ ಬಾಕಿ ಇದೆ, ಸಾರ್” ಎಂದು ಅಪ್ಪ ಇಂಜಿನಿಯರರಿಗೆ ಹೇಳಿದ್ದು ಅವರ ಕಿವಿಗೂ ಬೀಳಲಿ. ಅದರಿಂದ ಕಂತು ಹತ್ತು ದಿನ ತಡವಾದರೂ ಚಿಂತೆಯಿಲ್ಲ.